ದಪ್ಪ ಗೋಡೆಯ ಮನೆಗೆ ಎಂಥ ರೂಟರ್?

ಮಕ್ಕಳೇ, ಈ ವಾರ ಒಂದು ಪುಟ್ಟ ಪೆಟ್ಟಿಗೆಯ ಲೆಕ್ಕ. ಅಜ್ಜ ಅಜ್ಜಿ ಪಕ್ಕದಲ್ಲಿದ್ದರೆ ಅವರಿಗೂ ಗಟ್ಟಿಯಾಗಿ ಓದಿ ಹೇಳಿ. ಏಕೆಂದರೆ ಬಹಳ ಮನೆಗಳಲ್ಲಿ ಈ ಪೆಟ್ಟಿಗೆಗೆ ದುಡ್ಡು ಕೊಡುವವರು ಅವರೇ. ಪಿಂಚಣಿ ಬಂದ ವಾರದಲ್ಲೇ ಇಂಥ ಖರ್ಚುಗಳು ಎದ್ದು ಬರುವುದನ್ನು ನಾನು ಬ್ಯಾಂಕಿನ ಕೌಂಟರಿನ ಒಳಗೆ ಕೂತಾಗಲೂ ಕಂಡಿದ್ದೇನೆ, ಈಗ ಹೊರಗೆ ನಿಂತಾಗಲೂ ಕಾಣುತ್ತಿದ್ದೇನೆ.

ನಮ್ಮ ದೇವಸಮುದ್ರದಲ್ಲಿ ಮನೆಗೆ ಫೈಬರ್ ಎಳೆಸುವವರು ಹೆಚ್ಚುತ್ತಿದ್ದಾರೆ. ಎಳೆಸಿದ ಮೇಲೆ ನಮ್ಮ ಪಡಸಾಲೆಗೆ ಬಂದು ಕೂತು ಕೇಳುವ ಪ್ರಶ್ನೆ ಒಂದೇ: "ಬ್ಯಾಂಕಿನೋರೇ, ಯಾವ ರೂಟರ್ ತಗಂಡ್ರೆ ಒಳ್ಳೇದು?" ನಾನು ತಿರುಗಿ ಕೇಳುತ್ತೇನೆ: "ನಿಮ್ಮ ಮನೆ ಗೋಡೆ ಎಷ್ಟು ದಪ್ಪ?" ಅವರು ನನ್ನ ಮುಖ ನೋಡುತ್ತಾರೆ. ಈ ಮುದುಕನಿಗೆ ಕಿವಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಳ್ಳುತ್ತಾರೆ. ಕಿವಿ ಇನ್ನೂ ಚೆನ್ನಾಗಿದೆ. ರೂಟರ್ ಆರಿಸುವ ಕೆಲಸ ಶುರುವಾಗುವುದೇ ಗೋಡೆಯಿಂದ.

ಗೋಡೆಗೆ ಬರುವ ಮೊದಲು ಫೈಬರ್ ಬಗ್ಗೆ ಎರಡು ಮಾತು. ಮೊಳಕಾಲ್ಮುರು ಸೀಮೆಯ ಮಕ್ಕಳಿಗೆ ಎಳೆ ಎಂದರೆ ರೇಷ್ಮೆ ಎಳೆ. ಮಗ್ಗದ ಮುಂದೆ ಕೂತು ನೋಡಿದವರಿಗೆ ಅದು ಎಷ್ಟು ಸಣ್ಣ ಎಂದು ಗೊತ್ತು. ಫೈಬರ್ ಎಂದರೆ ಗಾಜಿನ ಎಳೆ. ಅದರ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಎಂಟನೇ ಒಂದು ಪಾಲು. ಆ ಎಳೆಯ ನಟ್ಟನಡುವೆ ಬೆಳಕು ಓಡುವ ದಾರಿ ಇನ್ನೂ ಕಿರಿದು, ಬರೀ 9 ಮೈಕ್ರಾನ್. ಕಂಬದಿಂದ ನಿಮ್ಮ ಮನೆಗೆ ಇಳಿಯುವ ಕರಿ ವೈರಿನೊಳಗೆ ಇರುವುದು ಇದೇ. ಇಂಥ ಗಾಜಿನ ಎಳೆಯಲ್ಲಿ ದೂರದೂರಕ್ಕೆ ಸುದ್ದಿ ಕಳಿಸಬಹುದು ಎಂದು 1966ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಚಾರ್ಲ್ಸ್ ಕಾವ್. ಅದಕ್ಕೆ ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ಬಂತು. ಅದಕ್ಕೂ ಮೊದಲು, 1954ರಲ್ಲೇ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ದಾಟಿಸಿದ ಪ್ರಯೋಗವನ್ನು ಪ್ರಕಟಿಸಿದ ಇಬ್ಬರಲ್ಲಿ ಒಬ್ಬರು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ. ಈ ಹೆಸರನ್ನು ಬರೆದಿಟ್ಟುಕೊಳ್ಳಿ, ರಸಪ್ರಶ್ನೆಗೆ ಬರುತ್ತದೆ.

2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಈ ಎಳೆ ಮುಟ್ಟಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಗ ಅದಕ್ಕೆ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂದು ಹೆಸರು, 2015ರಿಂದ ಭಾರತ್‌ನೆಟ್. ಪಂಚಾಯಿತಿ ಕಚೇರಿಯ ಯೋಜನೆ ಒಂದು ಮಾತು, ಮನೆಯ ಹೊಸ್ತಿಲು ದಾಟುವುದು ಇನ್ನೊಂದು ಮಾತು. ಹೊಸ್ತಿಲು ದಾಟಿದ ಮೇಲೆ ಒಳಮನೆಯವರೆಗೆ ಹೋಗುವುದು ಮೂರನೆಯ ಮಾತು. ನನ್ನ ಲೇಖನ ಈ ಮೂರನೆಯದರ ಬಗ್ಗೆ.

ರೂಟರ್ ಎಂದರೇನು? ಬಂದ ಸುದ್ದಿಯನ್ನು ಸೇರಬೇಕಾದವರ ಕಡೆಗೆ ಕಳಿಸುವ ಯಂತ್ರ. ನಮ್ಮ ತಾಲ್ಲೂಕಿನ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಬ್ರಹ್ಮಗಿರಿಗೆ ಶಾಲೆಯಿಂದ ಹೋಗಿ ಬಂದಿರುತ್ತೀರಿ. ಅಲ್ಲಿ, ಪಕ್ಕದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಶಾಸನದ ಮೊದಲಲ್ಲೇ ವಿಳಾಸ ಕೆತ್ತಿದೆ. ರಾಜನ ಮಾತು ನೆಟ್ಟಗೆ ಇಲ್ಲಿಗೆ ಬರಲಿಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಅದನ್ನು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ, ಕುಶಲ ಕೇಳಿ, ದಾಟಿಸಿದರು. ಇಂಥದ್ದು ಇಂಥವರಿಗೆ ಎಂದು ನೋಡಿ ಮುಂದೆ ಕಳಿಸುವ ಸುವರ್ಣಗಿರಿಯ ಕೆಲಸವನ್ನೇ ಈಗ ನಮ್ಮ ಗೋಡೆಯ ಮೇಲಿನ ಪೆಟ್ಟಿಗೆ ಮಾಡುತ್ತದೆ. ಅಕ್ಕನ ಪಾಠ ಅಕ್ಕನ ಫೋನಿಗೆ, ತಮ್ಮನ ಕಾರ್ಟೂನ್ ಟಿವಿಗೆ.

ಫೈಬರಿನವರು ಬಂದಾಗ ಗೋಡೆಗೆ ಒಂದು ಬಿಳಿ ಪೆಟ್ಟಿಗೆ ಬಡಿದು ಹೋಗುತ್ತಾರಲ್ಲ, ಅದರ ಹೆಸರು ಒಎನ್‌ಟಿ. ಬೆಳಕಾಗಿ ಬಂದ ಸುದ್ದಿಯನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಅದರ ಕೆಲಸ. ಈಗಿನ ಬಹುಪಾಲು ಒಎನ್‌ಟಿಗಳ ಹೊಟ್ಟೆಯಲ್ಲೇ ಒಂದು ರೂಟರ್, ಒಂದು ವೈಫೈ ಇರುತ್ತದೆ. ಹಾಗಾಗಿ ಅಂಗಡಿಗೆ ಓಡುವ ಮೊದಲು ಮನೆಗೆ ಬಂದ ಪೆಟ್ಟಿಗೆ ಸಾಕೇ ಎಂದು ನೋಡಿ. ಎರಡು ಕೋಣೆಯ ಮನೆಗೆ, ಇಟ್ಟಿಗೆ ಗೋಡೆಗೆ, ನಾಲ್ಕು ಫೋನಿಗೆ ಅದೇ ಧಾರಾಳ. ಬೇರೆ ರೂಟರ್ ಬೇಡ. ಇದನ್ನು ಅಂಗಡಿಯವರು ಹೇಳುವುದಿಲ್ಲ, ನಾನು ಹೇಳುತ್ತೇನೆ.

ಆ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಉರಿದರೆ ಬೆಳಕು ಮನೆಗೆ ಬರುತ್ತಿಲ್ಲ ಎಂದರ್ಥ. ಎಷ್ಟು ದುಬಾರಿ ರೂಟರ್ ತಂದರೂ ಅದು ಹೋಗುವುದಿಲ್ಲ, ಲೈನಿನವರೇ ಬರಬೇಕು. ಎಷ್ಟೋ ಸಲ ಕಾರಣ ಸಣ್ಣದಿರುತ್ತದೆ. ಉಳಿದ ವೈರನ್ನು ಯಾರೋ ಬಿಗಿಯಾಗಿ ಸುತ್ತಿ ಮೊಳೆಗೆ ನೇತುಹಾಕಿರುತ್ತಾರೆ. ಗಾಜಿನ ಎಳೆಯನ್ನು ಹಗ್ಗದಂತೆ ಮಡಚಬಾರದು, ಬಳೆಯಷ್ಟಾದರೂ ಅಗಲ ಬಿಟ್ಟು ಸುತ್ತಬೇಕು. ಮಕ್ಕಳೇ, ಒಂದು ಎಚ್ಚರಿಕೆ: ಕಿತ್ತ ವೈರಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಬೆಳಕು ಬರುತ್ತಿದೆಯೇ ಎಂದು ನೋಡಬೇಡಿ. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಈಗ ನಮ್ಮ ಮನೆ. ಹಳೆಯ ಮಾಳಿಗೆ ಮನೆ. ಕಲ್ಲು ಮಣ್ಣಿನ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಚೌಳುಮಣ್ಣು. ಬಿಸಿಲಿಗೆ ಇದರಷ್ಟು ತಂಪು ಬೇರಿಲ್ಲ. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಅದರ ಹಿಂದೆ ಒಳಮನೆ. ಒಂದರಿಂದ ಒಂದಕ್ಕೆ ಹೋಗುವಾಗ ದಾಟಬೇಕಾದ ಗೋಡೆಯನ್ನು ಟೇಪಿನಲ್ಲಿ ಅಳೆದರೆ 22 ಅಂಗುಲ. ಫೈಬರಿನ ಹುಡುಗ ಬಂದವನು ಸ್ವಿಚ್ ಬೋರ್ಡ್ ಹತ್ತಿರ ಇದೆ ಎಂದು ಪಡಸಾಲೆಯಲ್ಲೇ ಪೆಟ್ಟಿಗೆ ಕೂರಿಸಿದ. ಪಡಸಾಲೆಯಲ್ಲಿ ನೆಟ್ ಹೊಳೆಯಂತೆ ಹರಿಯಿತು. ಒಳಮನೆಯಲ್ಲಿ ಒಂದು ಹನಿ ಇಲ್ಲ.

ಒಳಮನೆಯಲ್ಲಿ ಯಾರಿದ್ದಾರೆ ಎಂದು ಹೇಳಬೇಕು. ಮೊಮ್ಮಗಳು ದ್ವಿತೀಯ ಪಿಯುಸಿ. ಸಂಜೆ ಆರೂವರೆಯಿಂದ ಎಂಟರವರೆಗೆ ಅವಳಿಗೆ ಆನ್‌ಲೈನಿನಲ್ಲಿ ಸಿಇಟಿ ಪಾಠ. ನಮ್ಮ ಮನೆಯಾಕೆಗೆ ಮಂಡಿ ನೋವು, ಸಂಜೆಯಾದರೆ ಒಳಮನೆಯ ಮಂಚ ಬಿಟ್ಟು ಏಳುವುದು ಕಷ್ಟ. ಅಜ್ಜಿ ಮಂಚದ ಮೇಲೆ, ಮೊಮ್ಮಗಳು ಕೆಳಗೆ ಚಾಪೆಯ ಮೇಲೆ, ಹೀಗೆ ಅವರಿಬ್ಬರ ಸಂಸಾರ. ಪಡಸಾಲೆಯಲ್ಲಿ ಟಿವಿ ಇದೆ, ನಾನಿದ್ದೇನೆ, ನನ್ನ ಹತ್ತಿರ ಅರ್ಜಿ ಬರೆಸಲು ಬರುವವರಿದ್ದಾರೆ, ಶೇಂಗಾ ರೇಟು ಮಾತಾಡಲು ಬರುವವರಿದ್ದಾರೆ. ಫೈಬರಿನ ಹುಡುಗ ಹೇಳಿದ: "ಮಗೂನ ಇಲ್ಲೇ ಪಡಸಾಲೇಲಿ ಕೂರಿಸ್ರಿ ಯಜಮಾನ್ರೇ, ಇಲ್ಲಿ ಫುಲ್ ಬರ್ತೈತೆ." ಬಂದ ನೆಂಟರೂ ಅದನ್ನೇ ಹೇಳಿದರು. ಒಳಗಿನಿಂದ ನಮ್ಮ ಮನೆಯಾಕೆ ಕೂಗಿದಳು: "ಹುಡುಗಿ ಯಾಕೆ ನೆಟ್ಟಿನ ಹಿಂದೆ ಹೋಗ್ಬೇಕು? ನೆಟ್ಟೇ ಹುಡುಗಿ ಹತ್ರ ಬರ್ಲಿ."

ಹತ್ತು ಜನರ ನಡುವೆ ಕೂತು ಕಲನಶಾಸ್ತ್ರದ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳುವುದು ಹದಿನೇಳು ವರ್ಷದ ಹುಡುಗಿಗೆ ಸುಲಭವಲ್ಲ. ತಪ್ಪು ಉತ್ತರ ಹೇಳುವ ಧೈರ್ಯ ಬೇಕಾದರೆ ಒಂದು ಮರೆ ಬೇಕು. ಒಳಮನೆ ಅವಳಿಗೆ ಆ ಮರೆ. ಹಾಗಾಗಿ ರೂಟರ್ ಆರಿಸುವ ಪ್ರಶ್ನೆ ನಮ್ಮ ಮನೆಯಲ್ಲಿ ವೇಗದ ಪ್ರಶ್ನೆಯಾಗಿ ಉಳಿಯಲಿಲ್ಲ. ಅವಳು ಎಲ್ಲಿ ಕೂತು ಓದಬೇಕು ಎಂಬ ಪ್ರಶ್ನೆಯಾಯಿತು.

ವೇಗದ ಲೆಕ್ಕ ಮೊದಲು ಮುಗಿಸೋಣ, ಅದು ಸಣ್ಣದು. ನಮ್ಮದು ಸೆಕೆಂಡಿಗೆ 60 ಮೆಗಾಬಿಟ್ ಯೋಜನೆ. ಬಿಟ್ ಬೇರೆ, ಬೈಟ್ ಬೇರೆ. 8 ಬಿಟ್ ಸೇರಿದರೆ 1 ಬೈಟ್, ಹಳೆಯ ಕಾಲದ ಅಣೆ ಕಾಸಿನಂತೆ. 60ನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 7.5 ಮೆಗಾಬೈಟ್. ಒಂದು ವಿಡಿಯೊ ಪಾಠಕ್ಕೆ ಸೆಕೆಂಡಿಗೆ 2 ಮೆಗಾಬಿಟ್ ಎಂದು ಹಿಡಿಯಿರಿ. ಒಂದು ಗಂಟೆಗೆ 3,600 ಸೆಕೆಂಡು, 7,200 ಮೆಗಾಬಿಟ್, ಅಂದರೆ 900 ಮೆಗಾಬೈಟ್. ಕಂಬದಲ್ಲಿ ಬರುವ 60ರಲ್ಲಿ ಅವಳಿಗೆ ಬೇಕಾದದ್ದು 2. ಆ 2 ಕೂಡ ಒಳಮನೆ ಮುಟ್ಟುತ್ತಿಲ್ಲ. ಹೀಗಿರುವಾಗ 60ರ ಬದಲು 100ರ ಯೋಜನೆಗೆ ಹೋಗಿ ತಿಂಗಳು ತಿಂಗಳು ಹೆಚ್ಚು ಕಟ್ಟಿದರೆ ಏನು ಬಂತು? ಪಡಸಾಲೆಯ ಹೊಳೆ ಇನ್ನಷ್ಟು ತುಂಬುತ್ತದೆ, ಅಷ್ಟೇ. ಅಂದ ಹಾಗೆ, ಅಜ್ಜಂದಿರೇ, ಜಾಹೀರಾತಿನಲ್ಲಿ 499 ಎಂದು ಕಂಡರೆ ಶೇಕಡಾ 18 ಜಿಎಸ್‌ಟಿ ಸೇರಿಸಿ ಓದಿ: 588 ರೂಪಾಯಿ 82 ಪೈಸೆ.

ಇನ್ನು ಗೋಡೆ ಮತ್ತು ಅಲೆ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಉರುಮೆ ಬಾರಿಸುವುದನ್ನು ಕೇಳಿದ್ದೀರಾ? ಅದರ ದಪ್ಪ ಸದ್ದು ಬಾಗಿಲು ಮುಚ್ಚಿದರೂ ಒಳಗೆ ಕೇಳುತ್ತದೆ. ಗೆಜ್ಜೆಯ ಸದ್ದು ಅಷ್ಟು ದೂರ ಬಾರದು, ಗೋಡೆ ಅಡ್ಡ ಬಂದರೆ ನಿಂತೇ ಹೋಗುತ್ತದೆ. ವೈಫೈ ಎಂಬುದು ಸದ್ದಲ್ಲ, ರೇಡಿಯೋ ಅಲೆ. ಆದರೆ ಗುಣ ಹೀಗೇ. ಅದರಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳು, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. 2.4ರದ್ದು ಉದ್ದ ಅಲೆ, ಸುಮಾರು 12 ಸೆಂಟಿಮೀಟರ್. ಅದು ಉರುಮೆ. ನಿಧಾನ, ಆದರೆ ಗೋಡೆ ದಾಟಲು ನೋಡುತ್ತದೆ. 5ರದ್ದು ಅದರರ್ಧಕ್ಕಿಂತ ಕಡಿಮೆ ಉದ್ದದ ಅಲೆ. ಅದು ಗೆಜ್ಜೆ. ಒಂದೇ ಕೋಣೆಯಲ್ಲಿ ಬಲು ಚುರುಕು, ಗೋಡೆ ಎಂದರೆ ಸೋಲು. 22 ಅಂಗುಲದ ಎರಡು ಗೋಡೆ ಅಡ್ಡ ನಿಂತರೆ ಉರುಮೆಯೂ ಸೋಲುತ್ತದೆ. ಸಿಮೆಂಟ್ ಮನೆಯವರು ನಗಬೇಡಿ, ಕಬ್ಬಿಣ ಕಟ್ಟಿ ಹಾಕಿದ ಆರ್‌ಸಿಸಿ ಛಾವಣಿಯೂ ಅಲೆಗೆ ಒಳ್ಳೆಯ ತಡೆಯೇ. ಕಬ್ಬಿಣದ ಬೀರು, ಫ್ರಿಜ್ಜು, ದೊಡ್ಡ ಕನ್ನಡಿ, ನೀರು ತುಂಬಿದ ಡ್ರಮ್ಮು, ಇವುಗಳ ಹಿಂದೆ ರೂಟರ್ ಇಡುವುದೆಂದರೆ ದೀಪ ಹಚ್ಚಿ ಅದರ ಮೇಲೆ ಕೊಡ ಬೋರಲು ಹಾಕಿದಂತೆ.

ಮೊಮ್ಮಗಳು ಮತ್ತು ನಾನು ಒಂದು ಭಾನುವಾರ ಮನೆಯ ನಕ್ಷೆ ಬರೆದೆವು. ನನ್ನ ಹಳೆಯ ಲೆಡ್ಜರ್ ಹಾಳೆಯ ಗೀಟುಗಳೇ ಅಳತೆಗೆ ಅನುಕೂಲವಾದವು. ಫೋನ್ ಹಿಡಿದು ಅವಳು ಮೂಲೆ ಮೂಲೆಗೆ ಹೋಗಿ ನಿಂತು ಕಡ್ಡಿ ಎಷ್ಟು ಎಂದು ಕೂಗುವುದು, ನಾನು ಬರೆದುಕೊಳ್ಳುವುದು. ಪಡಸಾಲೆ ನಾಲ್ಕು. ನಡುಮನೆಯ ಬಾಗಿಲ ನೇರಕ್ಕೆ ಮೂರು, ಬಾಗಿಲಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಒಂದು. ಅಡುಗೆ ಮನೆ ಒಂದು. ಒಳಮನೆಯಲ್ಲಿ ಸೊನ್ನೆ. ಆದರೆ ಒಂದು ವಿಚಿತ್ರ ಕಂಡಿತು. ಮಾಳಿಗೆ ಹತ್ತಿ ಒಳಮನೆಯ ಗವಾಕ್ಷಿಯ ಪಕ್ಕ ನಿಂತರೆ ಎರಡು ಕಡ್ಡಿ! ಅಲೆ ಗೋಡೆಯನ್ನು ದಾಟದೆ ಪಡಸಾಲೆಯ ಬಾಗಿಲಿನಿಂದ ಹೊರಗೆ ಹೋಗಿ ಬಯಲಲ್ಲಿ ಸುತ್ತಿ ಬಂದಿತ್ತು. "ತಾತ, ಇದಕ್ಕೂ ನಮ್ ಥರಾನೇ ಬಾಗ್ಲು ಬೇಕು" ಎಂದಳು. ಸರಿಯಾಗಿ ಹೇಳಿದಳು. ನಿಮ್ಮ ಮನೆಯಲ್ಲೂ ಹೀಗೆ ನಕ್ಷೆ ಬರೆಯಿರಿ. ಅರ್ಧ ಗಂಟೆಯ ಕೆಲಸ, ಖರ್ಚಿಲ್ಲ, ಮಳೆ ಬಂದ ದಿನಕ್ಕೆ ಒಳ್ಳೆಯ ಆಟ.

ನಕ್ಷೆಯನ್ನು ಜೇಬಿನಲ್ಲಿಟ್ಟುಕೊಂಡು ಬಳ್ಳಾರಿಯ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವನು ಗಾಜಿನ ಬೀರುವಿನಿಂದ ಏಡಿಯಂಥ ಒಂದು ಕರಿ ಪೆಟ್ಟಿಗೆ ತೆಗೆದ. "ಯಜಮಾನ್ರೇ, ಇದಕ್ಕೆ ಆರು ಆಂಟೆನಾ. ಮೂರು ಮನೆ ದಾಟಿ ಹೋಗ್ತೈತೆ." ಆರು ಕೊಂಬಿದ್ದ ಮಾತ್ರಕ್ಕೆ ಟಗರು ಗೋಡೆ ಒಡೆಯುವುದಿಲ್ಲ. ರೂಟರ್ ಎಷ್ಟು ಬಲದಿಂದ ಅಲೆ ಬಿಡಬಹುದು ಎಂಬುದಕ್ಕೆ ಸರ್ಕಾರದ ಮಿತಿ ಇದೆ. ಕೊಂಬು ಹೆಚ್ಚಿದ್ದರೆ ಒಂದೇ ಸಲಕ್ಕೆ ಹೆಚ್ಚು ಫೋನುಗಳನ್ನು ಸಂಭಾಳಿಸಲು ಅನುಕೂಲವಾಗಬಹುದು, ಕಲ್ಲು ಕರಗುವುದಿಲ್ಲ. ಇನ್ನೊಂದು, ರೂಟರ್ ಕೂಗಿದ್ದು ಫೋನಿಗೆ ಕೇಳಿಸಿದರೆ ಸಾಲದು, ಫೋನಿನ ಸಣ್ಣ ದನಿಯೂ ರೂಟರಿಗೆ ಕೇಳಿಸಬೇಕು. ಫೋನಿಗೆ ಆರು ಕೊಂಬು ಎಲ್ಲಿಂದ ತರುವುದು?

ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಗಳ ಗುಟ್ಟೂ ಹೇಳಿಬಿಡುತ್ತೇನೆ. ಎಸಿ 1200 ಎಂದು ಬರೆದಿರುತ್ತದೆ. ಅದು 2.4 ಪಟ್ಟಿಯ 300 ಮತ್ತು 5ರ ಪಟ್ಟಿಯ 867 ಕೂಡಿ, ಮೇಲಕ್ಕೆ ಪೂರ್ಣಾಂಕ ಮಾಡಿದ ಮೊತ್ತ. ನಿಮ್ಮ ಫೋನು ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದು ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಗಂಡನ ಖಾತೆಯ ಬಾಕಿ, ಹೆಂಡತಿಯ ಖಾತೆಯ ಬಾಕಿ ಎರಡನ್ನೂ ಕೂಡಿಸಿ ಒಂದೇ ಚೆಕ್ಕು ಬರೆದರೆ ನಾನು ಪಾಸು ಮಾಡುತ್ತಿದ್ದೆನೇ? ಅದರ ಮೇಲೆ ಕೆಲವು ಅಗ್ಗದ ಎಸಿ 1200 ಪೆಟ್ಟಿಗೆಗಳ ಹಿಂದಿನ ವೈರು ಚುಚ್ಚುವ ತೂತುಗಳು ಬರೀ 100 ಮೆಗಾಬಿಟ್ಟಿನವು. ಒಳಗೆ ಬರುವುದೇ 100 ಆದರೆ ಹೊರಗೆ 1200 ಎಲ್ಲಿಂದ? 60ರ ಯೋಜನೆಯವರಿಗೆ 100ರ ತೂತು ಸಾಕು. ನಾಳೆ 150, 200ಕ್ಕೆ ಹೋಗುವ ಯೋಚನೆ ಇದ್ದರೆ ಗಿಗಾಬಿಟ್ ಎಂದು ಬರೆದದ್ದನ್ನು ಕೇಳಿ ಪಡೆಯಿರಿ. ಎರಡೂ ಪಟ್ಟಿ ಇರುವ ಪೆಟ್ಟಿಗೆಯನ್ನೇ ಕೊಳ್ಳಿ. ವೈಫೈ 6 ಎಂಬುದು ಹೊಸ ತಲೆಮಾರಿನದು, ಮನೆಯಲ್ಲಿ ಹತ್ತು ಹದಿನೈದು ಫೋನು, ಟಿವಿ, ಕ್ಯಾಮೆರಾ ಇದ್ದರೆ ಒಳ್ಳೆಯದು. ಹಳೆಯ ಫೋನುಗಳೂ ಅದರಲ್ಲಿ ನಡೆಯುತ್ತವೆ, ತಮ್ಮ ಹಳೆಯ ವೇಗದಲ್ಲಿ. ನಮ್ಮಂಥ ಐದು ಫೋನಿನ ಮನೆಗೆ ವೈಫೈ 5 ಸಾಕು ಎಂದು ನನ್ನ ಅಭಿಪ್ರಾಯ.

ಅಂಗಡಿಯವನು ಆಮೇಲೆ ರಿಪೀಟರ್ ತೋರಿಸಿದ. ಪ್ಲಗ್ಗಿಗೆ ಚುಚ್ಚುವ ಸಣ್ಣ ಪೆಟ್ಟಿಗೆ, ಅಗ್ಗ. ಕೇಳಿದ ಮಾತನ್ನು ಮತ್ತೆ ಕೂಗಿ ಹೇಳುವುದು ಅದರ ಕೆಲಸ. ಆದರೆ ಕೇಳುವುದೂ ಹೇಳುವುದೂ ಒಂದೇ ಪಟ್ಟಿಯಲ್ಲಾದರೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ದೊಡ್ಡ ತೊಡಕು, ಮೊದಲು ಅದಕ್ಕೆ ಸರಿಯಾಗಿ ಕೇಳಿಸಬೇಕಲ್ಲ? ಕಡ್ಡಿ ಸೊನ್ನೆ ಇರುವ ಒಳಮನೆಯಲ್ಲಿ ಅದನ್ನಿಟ್ಟರೆ ಕಿವುಡನನ್ನು ದೂತನಾಗಿ ಕಳಿಸಿದಂತೆ. ಮೆಶ್ ಎಂದು ಎರಡು ಮೂರು ಪೆಟ್ಟಿಗೆಗಳ ಜೋಡಿಯೂ ಬರುತ್ತದೆ, ಚೆನ್ನಾಗಿರುತ್ತದೆ, ಬೆಲೆ ಜಾಸ್ತಿ. ಅವೂ ಒಂದಕ್ಕೊಂದು ಗಾಳಿಯಲ್ಲೇ ಮಾತಾಡಬೇಕಾದರೆ ಗೋಡೆಯ ಕಾಟ ತಪ್ಪಿದ್ದಲ್ಲ.

ನಾನು ನಕ್ಷೆ ತೆಗೆದು ಅಂಗಡಿಯವನ ಮುಂದೆ ಬಿಡಿಸಿದೆ. ಅವನು ಪಾಪ ಒಳ್ಳೆಯವನು, ಒಂದು ನಿಮಿಷ ನೋಡಿ ಏಡಿಯನ್ನು ಬೀರುವಿಗೆ ವಾಪಸ್ ಇಟ್ಟ. "ನಿಮಗೆ ವೈರ್ ಎಳೆಯಾದೇ ಸರಿ ಬಿಡ್ರಿ" ಎಂದ. ಗೋಡೆಯನ್ನು ಅಲೆಯಿಂದ ಗೆಲ್ಲಲಾಗದಿದ್ದರೆ ವೈರಿನಿಂದ ದಾಟಬೇಕು. ಪಡಸಾಲೆಯ ಪೆಟ್ಟಿಗೆಯಿಂದ ಒಂದು ಲ್ಯಾನ್ ಕೇಬಲ್ ಎಳೆದು ಒಳಮನೆಗೆ ಮುಟ್ಟಿಸಿ, ಅಲ್ಲಿ ಒಂದು ಸಾಧಾರಣ ರೂಟರ್ ಇಡುವುದು. ಈ ಕೇಬಲ್ 100 ಮೀಟರ್ ದೂರದವರೆಗೆ ನಷ್ಟವಿಲ್ಲದೆ ಕೆಲಸ ಮಾಡುತ್ತದೆ, ನಮ್ಮ ಮನೆಗೆ ಬೇಕಾದದ್ದು 20. ಕ್ಯಾಟ್ 6 ಎಂದು ಮೈಮೇಲೆ ಬರೆದಿದೆಯೇ, ಒಳಗಿನ ತಂತಿ ಪೂರಾ ತಾಮ್ರವೇ ಎಂದು ಕೇಳಿ. ತಾಮ್ರದ ನೀರು ಕುಡಿಸಿದ ಅಲ್ಯೂಮಿನಿಯಂ ಕೂಡ ಮಾರುತ್ತಾರೆ.

ಗೋಡೆ ಕೊರೆಯುವ ಮಾತಿಗೆ ನಮ್ಮ ಮನೆಯಾಕೆ ಒಪ್ಪಲಿಲ್ಲ. ಹಳೆ ಗೋಡೆ, ಒಂದು ಕಲ್ಲು ಅಲುಗಿದರೆ ಹತ್ತು ಅಲುಗುತ್ತವೆ ಎಂಬುದು ಅವಳ ವಾದ, ಅದರಲ್ಲಿ ಹುರುಳಿದೆ. ಕೊನೆಗೆ ಕೇಬಲ್ಲು ಪಡಸಾಲೆಯ ಕಿಟಕಿಯಿಂದ ಹೊರಗೆ ಹೋಗಿ, ಪೈಪಿನೊಳಗೆ ಮಾಳಿಗೆ ಹತ್ತಿ, ಗವಾಕ್ಷಿಯ ಬದಿಯಿಂದ ಒಳಮನೆಗೆ ಇಳಿಯಿತು. ಅಲೆ ತಾನಾಗಿ ಹುಡುಕಿಕೊಂಡ ದಾರಿಯಲ್ಲೇ! ಪೈಪು ಬೇಕೇ ಬೇಕು, ನಮ್ಮ ಬಿಸಿಲು ಬರೀ ಕೇಬಲಿನ ಹೊದಿಕೆಯನ್ನು ಬಹಳ ದಿನ ಉಳಿಸುವುದಿಲ್ಲ. ಕರೆಂಟಿನ ವೈರಿಗೂ ಅದಕ್ಕೂ ಒಂದು ಗೇಣಾದರೂ ಅಂತರವಿರಲಿ. ಹೊಸ ರೂಟರನ್ನು ದೀಪದ ಗೂಡಿನ ಮೇಲೆ ಎದೆಯೆತ್ತರದಲ್ಲಿ ಹಲಗೆ ಹೊಡೆದು ಕೂರಿಸಿದೆವು. ಗೂಡಿನೊಳಗೆ ಇಡಲಿಲ್ಲ, ಅಲ್ಲಿ ಮೂರು ಕಡೆ ಕಲ್ಲು.

ಎರಡನೆಯ ರೂಟರ್ ಹಾಕುವವರು ಒಂದು ಸಂಗತಿ ಗಮನಿಸಬೇಕು. ಮನೆಯ ಪ್ರತಿ ಫೋನಿಗೂ ರೂಟರ್ ಒಂದು ವಿಳಾಸ ಹಂಚುತ್ತದೆ, ಬ್ಯಾಂಕಿನಲ್ಲಿ ಟೋಕನ್ ಕೊಟ್ಟಂತೆ. ಎರಡು ಪೆಟ್ಟಿಗೆಗಳೂ ಒಂದೇ ಕಡೆ ಟೋಕನ್ ಹಂಚಲು ನಿಂತರೆ ಗಲಾಟೆ. ಆದ್ದರಿಂದ ಒಳಗಿನದನ್ನು ಆಕ್ಸೆಸ್ ಪಾಯಿಂಟ್ ಎಂಬ ವಿಧಾನಕ್ಕೆ ತಿರುಗಿಸಿ. ಆಗ ಅದು ಟೋಕನ್ ಹಂಚದೆ ಬರೀ ಅಲೆ ಬಿಡುತ್ತದೆ. ಕೊಳ್ಳುವಾಗಲೇ "ಇದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದೆಯೇ?" ಎಂದು ಕೇಳಿ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಮನೆಯೊಳಗೆ ಓಡಾಡುವಾಗ ಫೋನು ತಾನೇ ಬದಲಾಯಿಸಿಕೊಳ್ಳುತ್ತದೆ. 2.4 ಪಟ್ಟಿಯಲ್ಲಿ ಒಂದರದ್ದು 1ನೇ ಚಾನೆಲ್, ಇನ್ನೊಂದರದ್ದು 11 ಇರಲಿ, ಒಂದರ ಮಾತು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಇದನ್ನೆಲ್ಲ ನಮ್ಮ ಮನೆಯಲ್ಲಿ ಮಾಡಿದ್ದು ಮೊಮ್ಮಗಳು. ನಾನು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು ಸೂಚನಾ ಪುಸ್ತಕ ಓದಿ ಹೇಳಿದೆ.

ಇನ್ನು ಕರೆಂಟು. ಹಳ್ಳಿಯ ರೂಟರ್ ಲೆಕ್ಕದಲ್ಲಿ ಇದನ್ನು ಬಿಟ್ಟರೆ ಲೆಕ್ಕ ಅರ್ಧ. ಫೈಬರಿನ ಒಂದು ದೊಡ್ಡ ಗುಣವೆಂದರೆ, ದೂರವಾಣಿ ಕೇಂದ್ರದಿಂದ ನಿಮ್ಮ ಮನೆಯವರೆಗಿನ ದಾರಿಯಲ್ಲಿ ಬೆಳಕನ್ನು ಮನೆಮನೆಗೆ ಪಾಲು ಮಾಡುವ ಸಣ್ಣ ಡಬ್ಬಿಗೆ ಕರೆಂಟು ಬೇಡ. ಅತ್ತ ಕೇಂದ್ರದಲ್ಲಿ ಬ್ಯಾಟರಿ ಇದ್ದು, ಇತ್ತ ಮನೆಯಲ್ಲೂ ಬ್ಯಾಟರಿ ಇದ್ದರೆ ಊರೆಲ್ಲ ಕತ್ತಲಾದರೂ ಪಾಠ ನಡೆಯುತ್ತದೆ. ರೂಟರಿಗೆಂದೇ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೋಲ್ಟ್ ಅಷ್ಟಕ್ಕಷ್ಟೇ ಇರಬೇಕು, 12 ಎಂದರೆ 12. ಆಂಪಿಯರ್ ಅಷ್ಟಿರಬೇಕು ಅಥವಾ ಹೆಚ್ಚಿರಬೇಕು. ಎರಡು ಪೆಟ್ಟಿಗೆ ಇದ್ದರೆ ಎರಡಕ್ಕೂ ಬ್ಯಾಟರಿ ಬೇಕು ಎಂಬುದು ಮರೆಯದಿರಲಿ. ನಮ್ಮ ಪಡಸಾಲೆಯ ಪೆಟ್ಟಿಗೆ ಮನೆಯ ಇನ್ವರ್ಟರಿನ ಮೇಲಿದೆ, ಒಳಗಿನದಕ್ಕೆ ಮಾತ್ರ ಇದನ್ನು ತಂದೆ. ಗೃಹಜ್ಯೋತಿಯ ಯೂನಿಟ್ ಎಣಿಸುವ ಅಜ್ಜಿಯರಿಗೆ ಒಂದು ಲೆಕ್ಕ: ಪೆಟ್ಟಿಗೆಗೆ 10 ವಾಟ್‌ನಂತೆ ಎರಡಕ್ಕೆ 20, ದಿನಕ್ಕೆ 24 ಗಂಟೆ, 30 ದಿನಕ್ಕೆ 14.4 ಯೂನಿಟ್. ರಾತ್ರಿ ಮಲಗುವಾಗ ಒಳಗಿನದನ್ನು ಆರಿಸಿದರೆ ಇನ್ನೂ ಕಡಿಮೆ.

ನನ್ನ ಖರ್ಚು ಹೀಗೆ: ರೂಟರ್ 1,699, ಕೇಬಲ್ 20 ಮೀಟರಿಗೆ 440, ಮಿನಿ ಯುಪಿಎಸ್ 1,250. ಒಟ್ಟು 3,389. ಪೈಪು ಹಿತ್ತಿಲಲ್ಲಿತ್ತು. ಆರು ಕೊಂಬಿನ ಏಡಿಗೆ ಹೇಳಿದ ಬೆಲೆ 6,500. ರೂಟರಿನ ಬಿಲ್ಲನ್ನು, ಅದರ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡು, ಎಲ್‌ಐಸಿ ಬಾಂಡಿನ ಜೊತೆ ಇಟ್ಟಿದ್ದೇನೆ.

ಪಾಸ್‌ವರ್ಡ್ ಬಗ್ಗೆ ಹಳೆಯ ಬ್ಯಾಂಕಿನವನು ಹೇಳದೆ ಇರಲಾರ. ರೂಟರಿಗೆ ಎರಡು ಬೀಗ. ಒಂದು ವೈಫೈ ಬಳಸಲು, ಇನ್ನೊಂದು ರೂಟರಿನ ಒಳಗಿನ ಕಟ್ಟಳೆಗಳನ್ನು ಬದಲಿಸಲು. ಎರಡನೆಯದನ್ನು ಬಹಳ ಮಂದಿ ಡಬ್ಬಿಯಿಂದ ಬಂದ ಹಾಗೇ ಬಿಡುತ್ತಾರೆ. ಅದು ಹೊಸ ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದಂತೆ. ಎರಡನ್ನೂ ಬದಲಿಸಿ. ಭದ್ರತೆಯ ಸಾಲಿನಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಕನಿಷ್ಠ 8 ಅಕ್ಷರ ಬೇಕು, ನಾನು 15 ಎನ್ನುತ್ತೇನೆ. ಫೋನ್ ನಂಬರು, ಹುಟ್ಟಿದ ದಿನ, ಮನೆದೇವರ ಹೆಸರು ಬೇಡ. ನಮ್ಮ ಸೀಮೆಯಲ್ಲಿ ಮನೆದೇವರು ಯಾರೆಂದು ಕುಲಸ್ಥರಿಗೆಲ್ಲ ಗೊತ್ತಿರುತ್ತದೆ! ನಿಮ್ಮ ವೈಫೈ ಸಿಕ್ಕಿದ ಮಾತ್ರಕ್ಕೆ ಯಾರೂ ನಿಮ್ಮ ಖಾತೆಯ ಹಣ ತೆಗೆಯಲಾರರು, ಹೆದರಬೇಡಿ. ಆದರೆ ಅದರ ಮೂಲಕ ಯಾರಾದರೂ ಕೆಟ್ಟ ಕೆಲಸ ಮಾಡಿದರೆ ಪೊಲೀಸರು ಮೊದಲು ಬರುವುದು ಲೈನು ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ.

ಹಾಗೆಂದು ಬಾಗಿಲು ಮುಚ್ಚಿ ಕೂರಬೇಕೇ? ನಮ್ಮ ಬೀದಿಯ ಎಲ್ಲ ಮನೆಗಳಿಗೂ ಫೈಬರ್ ಇಲ್ಲ. ವಿದ್ಯಾರ್ಥಿವೇತನದ ಅರ್ಜಿ, ಫಲಿತಾಂಶ, ಹಾಸ್ಟೆಲ್ಲಿನ ಪಟ್ಟಿ, ಎಲ್ಲವೂ ಈಗ ಫೋನಿನಲ್ಲೇ. ಪಂಚಾಯಿತಿಯ ಅರಿವು ಕೇಂದ್ರ ಮುಚ್ಚಿದ ಮೇಲೆ ಮಕ್ಕಳು ನಮ್ಮ ಕಟ್ಟೆಗೆ ಬರುತ್ತಾರೆ. ಅವರಿಗಾಗಿ ಪಡಸಾಲೆಯ ಪೆಟ್ಟಿಗೆಯಲ್ಲಿ ಅತಿಥಿ ಜಾಲ ಎಂದು ಬೇರೆ ಒಂದನ್ನು ತೆರೆದಿದ್ದೇವೆ. ಅದರಲ್ಲಿ ಬಂದವರಿಗೆ ಇಂಟರ್‌ನೆಟ್ ಸಿಗುತ್ತದೆ, ನಮ್ಮ ಮನೆಯ ಫೋನುಗಳು ಕಾಣುವುದಿಲ್ಲ. ರೂಟರ್ ಕೊಳ್ಳುವಾಗ ಈ ಅನುಕೂಲ ಇದೆಯೇ ಎಂದೂ ಕೇಳಿ. ಪಾಸ್‌ವರ್ಡ್ ತಿಂಗಳಿಗೊಮ್ಮೆ ಬದಲಾಗುತ್ತದೆ, ಬೇಕಾದ ಮಕ್ಕಳು ನನ್ನ ಮುಂದೆ ಬಂದು ನಿಂತು ಕೇಳಬೇಕು. ಆ ಜಾಲಕ್ಕೆ "ಕಟ್ಟೆ" ಎಂದು ಹೆಸರಿಟ್ಟವಳು ಮೊಮ್ಮಗಳು. ರಾತ್ರಿ ಎಂಟೂವರೆಗೆ ಅದನ್ನು ಮುಚ್ಚಬೇಕು, ಮಕ್ಕಳು ಮನೆಗೆ ಹೋಗಿ ಉಣ್ಣಬೇಕು ಎಂದು ಒಳಮನೆಯಿಂದಲೇ ಕಟ್ಟಳೆ ಹಾಕಿದವಳು ಅವಳ ಅಜ್ಜಿ.